ಸೊನ್ನೆ ಬೈಟ್‌ಗೆ ಮುಗಿಯುವ ಸ್ಟ್ರಿಂಗ್: ಎಲ್ಲಿಗೆ ಕತ್ತರಿಸಬೇಕು?

ಹೊಸಓದುಗ: ಹಳೆಯ ತಂತ್ರಾಂಶವೊಂದರ ಬೈನರಿ ಕಡತದಲ್ಲಿ ಹೆಸರಿಗೆಂದು 32 ಬೈಟ್ ಜಾಗವಿದೆ, ಅಕ್ಷರಗಳನ್ನು ಬೈಟ್‌ಗಳಾಗಿಸುವ ಪದ್ಧತಿ ಯುಟಿಎಫ್-8, ಹೆಸರು ಮುಗಿದದ್ದಕ್ಕೆ ಗುರುತು ಸೊನ್ನೆ ಬೈಟ್. ಪೈಥಾನ್‌ನಲ್ಲಿ ಓದಿ, ಕೊನೆಯ ಸೊನ್ನೆಗಳನ್ನು ಆರ್‌ಸ್ಟ್ರಿಪ್‌ನಿಂದ (ಬಾಲದಿಂದ ಸವರಿ ತೆಗೆಯುವ ಆದೇಶ) ತೆಗೆಯುತ್ತಿದ್ದೇನೆ. ಬಹಳಷ್ಟು ಹೆಸರುಗಳು ಸರಿಯಾಗಿಯೇ ಬರುತ್ತವೆ. ಒಂದು ಕಡೆ ಮಾತ್ರ ‘ಉಮಾ’ ಆದ ಮೇಲೆ ಏನೋ ಕಸ, ಅದರ ಬಾಲಕ್ಕೆ ‘ಂದ್ರ’. ಕಡತ ಕೆಟ್ಟಿದೆಯೇ?

ಹೆಕ್ಸ್‌ನೋಟ: ಕೆಟ್ಟಿಲ್ಲ. ಅಲ್ಲಿ ಮೊದಲು ‘ರಾಮಚಂದ್ರ’ ಎಂಬಂಥ ಹೆಸರಿದ್ದಿರಬೇಕು: 24 ಬೈಟ್. ಅದರ ಮೇಲೆ ‘ಉಮಾ’ ಬರೆದಾಗ 9 ಬೈಟ್ ಹೋಯಿತು, ಹತ್ತನೆಯದು ಸೊನ್ನೆ. ಆ ಸೊನ್ನೆ ಬಿದ್ದದ್ದು ‘ಚ’ ಅಕ್ಷರದ ಮೂರು ಬೈಟ್‌ಗಳಲ್ಲಿ ಮೊದಲನೆಯದರ ಮೇಲೆ. ಉಳಿದೆರಡು ತಲೆಯಿಲ್ಲದ ಮುಂಡ, ಆಮೇಲಿನ ‘ಂದ್ರ’ ಹಾಗೆಯೇ ಕುಳಿತಿದೆ. ಹಿಂದಿನಿಂದ ಸವರಬೇಡಿ, ಮುಂದಿನಿಂದ ಮೊದಲ ಸೊನ್ನೆ ಹುಡುಕಿ, ಅಲ್ಲಿಗೆ ಕತ್ತರಿಸಿ, ಆಮೇಲೆ ಡಿಕೋಡ್ ಮಾಡಿ, ಅಂದರೆ ಬೈಟ್‌ಗಳನ್ನು ಅಕ್ಷರಗಳಾಗಿಸಿ.

ಉದ್ದಮೊದಲು: ಉದ್ದವನ್ನು ಮೊದಲೇ ಬರೆದಿಟ್ಟಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಸೊನ್ನೆಯನ್ನು ನೆಚ್ಚಿಕೊಂಡರೆ ಉದ್ದ ತಿಳಿಯಲು ಕೊನೆಯವರೆಗೂ ತಡಕಬೇಕು. ಸೊನ್ನೆ ಇಲ್ಲವಾದರೆ ದೇವರೇ ಗತಿ.

ಸಿ_ಹಳಬ: ಕಡತದ ವಿನ್ಯಾಸ ಅವರದ್ದಲ್ಲವಲ್ಲ ಸ್ವಾಮಿ, ಬದಲಿಸುವುದು ಹೇಗೆ? ಉದ್ದವೇನು ಸತ್ಯಹರಿಶ್ಚಂದ್ರನೇ? 4 ಬೈಟ್‌ನಲ್ಲಿ ಯಾರಾದರೂ 400 ಕೋಟಿ ಎಂದು ಬರೆದಿಟ್ಟರೆ ಅಷ್ಟು ಮೆಮೊರಿ ಕೊಡುತ್ತೀರಾ? ಮಿತಿ ಎರಡಕ್ಕೂ ಬೇಕು. ಇಲ್ಲಿ 32ರೊಳಗೆ ಸೊನ್ನೆ ಸಿಗದಿದ್ದರೆ 32ಕ್ಕೇ ನಿಲ್ಲಿಸಿ. ಅದು ದೋಷವೇ ಆಗಿರಬೇಕೆಂದಿಲ್ಲ. ಹಳೆಯ ಯುನಿಕ್ಸ್ ಡೈರೆಕ್ಟರಿಯಲ್ಲಿ ಹೆಸರು 14 ಬೈಟ್‌ಗಳನ್ನೂ ತುಂಬಿದರೆ ಕೊನೆಗೆ ಸೊನ್ನೆಯೇ ಇರುತ್ತಿರಲಿಲ್ಲ.

ಉದ್ದಮೊದಲು: ಮಿತಿಯ ಮಾತು ಒಪ್ಪಿದೆ. ಆದರೂ ಹೊಸ ಕಡತಕ್ಕೆ ಸೊನ್ನೆಯನ್ನು ಆರಿಸುವವರನ್ನು ಕಂಡರೆ ಸಿಟ್ಟು ಬರುತ್ತದೆ.

ಹೊಸಓದುಗ: ಹೆಸರು ತಿದ್ದಿ ಮತ್ತೆ ಬರೆಯಬೇಕಾದರೆ?

ಹೆಕ್ಸ್‌ನೋಟ: ಉಳಿದ ಜಾಗವನ್ನೆಲ್ಲ ಸೊನ್ನೆಯಿಂದ ತುಂಬಿ, ಇಲ್ಲವಾದರೆ ಹಳೆಯ ಹೆಸರು ಸೋರುತ್ತದೆ. ಹೆಸರಿನೊಳಗೇ ಸೊನ್ನೆಯಿದ್ದರೆ ತಿರಸ್ಕರಿಸಿ. ಕೊನೆಯ ಸೊನ್ನೆಗೆ ಒಂದು ಬೈಟ್ ಬಿಟ್ಟರೆ ಉಳಿಯುವುದು 31. ಕನ್ನಡದ ಸಂಕೇತಗಳು ತಲಾ ಮೂರು ಬೈಟ್, ಹಿಡಿಸುವುದು ಹತ್ತೇ. ಗುಣಿತದ ಚಿಹ್ನೆಯೂ ಒತ್ತಕ್ಷರಕ್ಕೆ ಬೇಕಾಗುವ ಹಲಂತವೂ ಆ ಲೆಕ್ಕದಲ್ಲೇ ಸೇರುತ್ತವೆ. ಹೆಚ್ಚಾದರೆ ಸದ್ದಿಲ್ಲದೆ ಕತ್ತರಿಸಬೇಡಿ, ‘ಹೆಸರು ಉದ್ದವಾಯಿತು’ ಎಂದು ಬಳಕೆದಾರರಿಗೇ ಹೇಳಿ.

ಹೊಸಓದುಗ: ಮೊದಲ ಸೊನ್ನೆಗೆ ಕತ್ತರಿಸಿದೆ, ‘ಉಮಾ’ ಸರಿಹೋಯಿತು. ಆದರೆ ವಿಳಾಸದ ಜಾಗ ಯುಟಿಎಫ್-16, ಎರಡೆರಡು ಬೈಟ್‌ಗಳ ಜೋಡಿಯಲ್ಲಿ ಬರೆಯುವ ಪದ್ಧತಿ. ಅಲ್ಲಿ ಮೊದಲ ಪದಕ್ಕೇ ನಿಲ್ಲುತ್ತಿದೆ.

ಸಿ_ಹಳಬ: ಅದರಲ್ಲಿ, ಜೋಡಿಯ ಕಿರಿಯ ಬೈಟ್ ಮೊದಲು ಬರುವ ಕ್ರಮವಿದ್ದರೆ, ಪದಗಳ ನಡುವಿನ ಖಾಲಿ ಜಾಗವೇ ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) 20 00. ನಿಮ್ಮ ಕೋಡ್ ಆ ಸೊನ್ನೆಗೆ ನಿಂತಿದೆ. ಎರಡೆರಡು ಬೈಟ್ ಹೆಜ್ಜೆ ಹಾಕುತ್ತಾ, ಜೋಡಿಯ ಎರಡೂ ಸೊನ್ನೆಯಾದಲ್ಲಿ ನಿಲ್ಲಿ. ಸುಮ್ಮನೆ 00 00 ಹುಡುಕಿದರೆ ಒಂದು ಜೋಡಿಯ ಬಾಲ, ಮುಂದಿನದರ ತಲೆ ಸೇರಿ ಮೋಸವಾಗಬಹುದು.