‘ಸಾರ್ವತ್ರಿಕ’, ‘ಬಾಧ್ಯತೆ’, ‘ಲಭ್ಯತೆ’: ಹಳ್ಳಿಯ ಫೋನಿನ ಕುರಿತು ಒಂದು ಪದಚರ್ಚೆ

ಮಾನ್ಯರೇ,

ದೂರಸಂಪರ್ಕ ನೀತಿಯ ಇತಿಹಾಸವನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ದುಡ್ಡು ಕೊಟ್ಟು ಮಾತನಾಡುವ ಫೋನು ಎಲ್ಲೆಲ್ಲಿ ಇರಲೇಬೇಕು ಎಂದು ಸರ್ಕಾರ ಗೊತ್ತುಪಡಿಸುತ್ತಿದ್ದ ಕಾಲದ ಭಾಗಕ್ಕೆ ಬಂದಾಗ ಮೂರು ಪದಗಳು ನನ್ನನ್ನು ತಡೆದು ನಿಲ್ಲಿಸಿವೆ.

ಮೊದಲನೆಯದು ಎಲ್ಲರಿಗೂ ದೂರವಾಣಿ ಸೇವೆ ಒದಗಿಸಬೇಕೆಂಬ ಕಟ್ಟುಪಾಡಿಗೆ ನೀತಿಯ ಭಾಷೆಯಲ್ಲಿರುವ ಹೆಸರಾದ ‘ಯೂನಿವರ್ಸಲ್ ಸರ್ವಿಸ್ ಆಬ್ಲಿಗೇಶನ್’ನ ಮೊದಲ ಪದ. ಇದಕ್ಕೆ ‘ಸಾರ್ವತ್ರಿಕ’ ಎಂದು ಬರೆಯುವುದು ರೂಢಿ. ಸರ್ವತ್ರ ಎಂದರೆ ಎಲ್ಲೆಡೆ; ಆದುದರಿಂದ ಈ ಪದ ಮೂಲತಃ ಸ್ಥಳವನ್ನು ಹೇಳುತ್ತದೆ, ಜನರನ್ನಲ್ಲ. ‘ಸಾರ್ವತ್ರಿಕ ರಜೆ’, ‘ಸಾರ್ವತ್ರಿಕ ಚುನಾವಣೆ’ ಎನ್ನುವಾಗ ಈ ಭೇದ ನಮ್ಮ ಗಮನಕ್ಕೆ ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಆದರೆ 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯನ್ನು ನೋಡಿ: 1997ರೊಳಗೆ ನಗರಗಳಲ್ಲಿ 500 ಜನರಿಗೊಂದು ಪಿಸಿಓ (ದುಡ್ಡು ಕೊಟ್ಟು ಮಾತನಾಡುವ ಸಾರ್ವಜನಿಕ ಫೋನು) ಇರಬೇಕು, ಎಲ್ಲ ಹಳ್ಳಿಗಳಿಗೂ ದೂರವಾಣಿ ತಲುಪಬೇಕು ಎಂದು ಅದು ಗುರಿಯಿಟ್ಟಿತು. ಪೇಟೆಯಲ್ಲಿ ತಲೆಯೆಣಿಕೆ, ಹಳ್ಳಿಯಲ್ಲಿ ಊರೆಣಿಕೆ. ಹಳ್ಳಿಗಳ ಗುರಿಯನ್ನು 1999ರ ನೀತಿ 2002ಕ್ಕೆ ಮುಂದೂಡಿದಾಗಲೂ ಅಳತೆ ಊರೇ ಆಗಿತ್ತು. ಹೀಗಿರುವಾಗ ಊರೆಣಿಕೆಗೆ ‘ಸಾರ್ವತ್ರಿಕ’ ಸರಿಹೊಂದುತ್ತದೆ; ತಲೆಯೆಣಿಕೆಗೆ ಹೊಂದಬೇಕಾದ ‘ಸಾರ್ವಜನಿಕ’ವೋ ಆಗಲೇ ಬೇರೆ ಅರ್ಥಕ್ಕೆ, ಅಂದರೆ ಯಾರು ಬೇಕಾದರೂ ಬಳಸಬಹುದಾದದ್ದು ಎಂಬುದಕ್ಕೆ, ಮೀಸಲಾಗಿಬಿಟ್ಟಿದೆ. ‘ಸರ್ವರಿಗೂ ಸೇವೆ’ ಎಂದು ಬಿಡಿಸಿ ಬರೆಯುವುದೇ ಲೇಸೆಂದು ನನಗೆ ತೋರುತ್ತದೆ.

ಎರಡನೆಯದು ‘ಆಬ್ಲಿಗೇಶನ್’ಗೆ ಬಳಸುವ ‘ಬಾಧ್ಯತೆ’. ಕ್ರಯಪತ್ರಗಳಲ್ಲಿ ‘ಹಕ್ಕುಬಾಧ್ಯತೆ’ ಎಂಬ ಜೋಡುಪದವನ್ನು ಓದಿದವರಿಗೆ, ‘ಬಾಧ್ಯಸ್ಥ’ ಎಂದರೆ ಆಸ್ತಿಯಲ್ಲಿ ಪಾಲು ಕೇಳಬಲ್ಲವನು ಎಂದು ತಿಳಿದವರಿಗೆ, ಈ ಪದ ಕೊಡಬೇಕಾದವನ ಕಡೆಗಿದೆಯೋ ಪಡೆಯಬೇಕಾದವನ ಕಡೆಗಿದೆಯೋ ಎಂಬ ಅನುಮಾನ ಬರದೇ ಇರದು. 1885ರ ಟೆಲಿಗ್ರಾಫ್ ಕಾಯ್ದೆಗೆ 2003ರಲ್ಲಿ ಆದ ತಿದ್ದುಪಡಿ ಗ್ರಾಮೀಣ ಹಾಗೂ ದೂರದ ಪ್ರದೇಶಗಳ ಜನರಿಗೆ ಕೈಗೆಟುಕುವ ದರದಲ್ಲಿ ಸೇವೆ ಒದಗಿಸುವುದನ್ನೇ ‘ಯೂನಿವರ್ಸಲ್ ಸರ್ವಿಸ್ ಆಬ್ಲಿಗೇಶನ್’ ಎಂದು ಕರೆಯಿತು. ಅಲ್ಲಿ ಅರ್ಥ ಕೊಡುವವನದು ಎಂಬುದು ಸ್ಪಷ್ಟ. ‘ಹೊಣೆ’ ಎಂದರೆ ಸಾಲದೇ? (2023ರ ದೂರಸಂಪರ್ಕ ಕಾಯ್ದೆಯಲ್ಲಿ ಈ ಸೇವೆಗೆ ಹಣ ಒದಗಿಸಲು ಇದೇ ಹೆಸರಿನಲ್ಲಿದ್ದ ನಿಧಿ ‘ಡಿಜಿಟಲ್ ಭಾರತ್ ನಿಧಿ’ಯಾಗಿದೆ. ಹೆಸರಿನಲ್ಲಿ ಹೊಣೆಯೂ ಇಲ್ಲ, ಸರ್ವರೂ ಇಲ್ಲ. ಅನುವಾದಕನಿಗೆ ಮಾತ್ರ ಸುಖ.)

ಮೂರನೆಯದು ‘ಲಭ್ಯತೆ’. ನಮ್ಮೂರಿನ ‘ಗ್ರಾಮ ಸಾರ್ವಜನಿಕ ದೂರವಾಣಿ’ ಒಬ್ಬರ ಮನೆಯ ನಡುಮನೆಯ ಗೂಡಿನಲ್ಲಿತ್ತು. ಡಯಲಿನ ತೂತಿಗೆ ಹಾಕಿದ ಪುಟ್ಟ ಬೀಗದ ಕೈ ಯಜಮಾನರ ಉಡಿದಾರದಲ್ಲಿರುತ್ತಿತ್ತು. ಅವರು ತೋಟಕ್ಕೆ ಹೋದರೆಂದರೆ ಫೋನೂ ತೋಟಕ್ಕೆ ಹೋದಂತೆಯೇ. ಲೆಕ್ಕದ ಪ್ರಕಾರ ನಮ್ಮದು ದೂರವಾಣಿಯುಳ್ಳ ಹಳ್ಳಿ. ಇಂಥಲ್ಲಿ ‘ದೂರವಾಣಿಯ ಲಭ್ಯತೆ’ ಎಂದು ಬರೆದರೆ ಸುಳ್ಳು ಬರೆದಂತಾಗುತ್ತದೆ. ಸರ್ಕಾರ ಎಣಿಸಿದ್ದು ಇರುವಿಕೆಯನ್ನು. ಲಭ್ಯತೆ ಬಳಸುವವನಿಗೆ ಸೇರಿದ್ದು. ಮೂಲದಲ್ಲಿ ಒಂದೇ ಇಂಗ್ಲಿಷ್ ಪದವಿದ್ದರೂ ಸಂದರ್ಭ ನೋಡಿ ಎರಡು ಪದ ಬಳಸುವುದು ತಪ್ಪಾಗದು ಎಂದುಕೊಂಡಿದ್ದೇನೆ.

‘ಬೂತ್’ ಕುರಿತು ತಕರಾರಿಲ್ಲ. ‘ಮತಗಟ್ಟೆ’ಯ ಮಾದರಿಯಲ್ಲಿ ‘ಕರೆಗಟ್ಟೆ’ ಎಂದು ಕಟ್ಟಿ ನೋಡಿದೆ, ಕಿವಿಗೆ ಹಿತವಾಗಿಯೂ ಇತ್ತು. ಆದರೆ ಹಳದಿ ಬೋರ್ಡಿನ ಕೆಳಗೆ, ಗಾಜಿನ ಬಾಗಿಲ ಹಿಂದೆ, ಮೀಟರಿನ ಕೆಂಪು ಅಂಕಿಗಳು ಏರುವುದನ್ನೇ ನೋಡುತ್ತ ಅವಸರದಲ್ಲಿ ಮಾತು ಮುಗಿಸಿದ ಯಾರೂ ಆ ಜಾಗವನ್ನು ಎಸ್‌ಟಿಡಿ ಬೂತ್ ಅಲ್ಲದೆ ಬೇರೇನೂ ಎಂದವರಲ್ಲ.

‘ಆಬ್ಲಿಗೇಶನ್’ಗೆ ‘ಹೊಣೆ’ಯನ್ನು ಕಾನೂನು ಬರಹದಲ್ಲಿ ಬಳಸಿದವರಿದ್ದರೆ, ಅದು ‘ಜವಾಬ್ದಾರಿ’ಯೊಡನೆ ಬೆರೆತು ಗೊಂದಲವಾಯಿತೇ ಎಂಬುದನ್ನು ದಯವಿಟ್ಟು ತಿಳಿಸಿ. ಹಾಗೆಯೇ, ಹಳ್ಳಿಯ ಆ ಒಂಟಿ ಫೋನಿಗೆ ನಿಮ್ಮ ಕಡೆ ಏನೆನ್ನುತ್ತಿದ್ದರು? ನಮ್ಮಲ್ಲಿ ಅದು ಬರೀ ‘ಊರ ಫೋನು’.