ಬಾಣಂತಿಯನ್ನು ಹಬೆಯ ಮೇಲೆ ಕೂರಿಸಬಹುದಾ? ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸಿಂಧನೂರು ತಾಲೂಕು): ನಮಸ್ಕಾರ ಮೇಡಂ. ನನ್ನ ನಾದಿನಿಗೆ ಚೊಚ್ಚಲ ಹೆರಿಗೆಯಾಗಿ ಇವತ್ತಿಗೆ 12 ದಿನ. ನಾರ್ಮಲ್ ಹೆರಿಗೆ, ಆದರೆ ಹೊಲಿಗೆ ಹಾಕಿದ್ದಾರೆ. ಈಗ ತವರಲ್ಲಿ, ನಮ್ಮ ಜೊತೆ ಇದ್ದಾಳೆ. ಬೇವಿನ ಎಲೆ, ಅಜವಾನ ಹಾಕಿ ನೀರು ಕುದಿಸಿ, ಆ ಬೋಗುಣಿ ಮೇಲೆ ಅವಳನ್ನು ಕೂರಿಸಿ ಕಂಬಳಿ ಹೊದಿಸಬೇಕು ಅಂತಾರೆ ನಮ್ಮತ್ತೆ. ರಾತ್ರಿ ಹೊರಸಿನ ಕೆಳಗೆ ಕೆಂಡ ಇಡಬೇಕಂತೆ. ಹೊಲಸು ರಕ್ತ ಎಲ್ಲ ಇಳಿದು ಗರ್ಭಚೀಲ ಗಟ್ಟಿಯಾಗುತ್ತದೆ ಅನ್ನುತ್ತಾರೆ. ಹುಡುಗಿಗೆ ಹೊಲಿಗೆ ಇನ್ನೂ ಚುಚ್ಚುತ್ತಿದೆ. ಬೇಡ ಅಂದರೆ ಅತ್ತೆಗೆ ಬೇಜಾರು. ಏನು ಮಾಡಲಿ?

ಉತ್ತರ (ಸ್ತ್ರೀರೋಗ ತಜ್ಞೆ, ರಾಯಚೂರು): ಹಬೆ ಬೇಡ ತಂಗಿ. ಹೊರಸಿನ ಕೆಳಗೆ ಕೆಂಡವೂ ಬೇಡ. ಯಾಕೆ ಅಂತ ಬರೆಯುತ್ತೇನೆ, ಅತ್ತೆಯವರಿಗೂ ಓದಿ ಹೇಳಿ.

ಗರ್ಭಚೀಲ ತಾನಾಗಿಯೇ ಕುಗ್ಗುತ್ತದೆ. ಹೆರಿಗೆಯಾದ ದಿನ ಹೊಕ್ಕಳ ಹತ್ತಿರ ಗಟ್ಟಿ ಗೆಡ್ಡೆಯ ಹಾಗೆ ಕೈಗೆ ಸಿಗುತ್ತದೆ. ಎರಡು ವಾರದ ಹೊತ್ತಿಗೆ ಕೆಳಗಿಳಿದು ಹೊಟ್ಟೆ ಮುಟ್ಟಿದರೂ ಸಿಗುವುದಿಲ್ಲ. ಸುಮಾರು 6 ವಾರಕ್ಕೆ ಮೊದಲಿನಂತಾಗುತ್ತದೆ. ಮಗು ಮೊಲೆ ಚೀಪುವಾಗ ಕಿಬ್ಬೊಟ್ಟೆ ಹಿಂಡಿದ ಹಾಗೆ ಆಗುತ್ತದೆ, ಅಲ್ವಾ? ಆಗ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಗರ್ಭಚೀಲವನ್ನು ಬಿಗಿ ಮಾಡುತ್ತಿರುತ್ತದೆ. ಇನ್ನು ಇಳಿಯುತ್ತಿರುವುದು ಹೊಲಸು ರಕ್ತ ಅಲ್ಲ. ಮಾಸು ಅಂಟಿಕೊಂಡಿದ್ದ ಜಾಗ ಮಾಯುವಾಗ ಬರುವ ಸ್ರಾವ ಅದು. ಮೊದಲು ಕೆಂಪು, ಆಮೇಲೆ ಕಂದು, ಕೊನೆಗೆ ಹಳದಿ ಬಿಳಿ. 4ರಿಂದ 6 ವಾರ ಇದ್ದು ನಿಲ್ಲುತ್ತದೆ.

ಹಬೆ ಗರ್ಭಚೀಲದವರೆಗೆ ಹೋಗುವುದೇ ಇಲ್ಲ. ಯೋನಿ ತೆರೆದ ಕೊಳವೆ ಅಲ್ಲ, ಅದರ ಗೋಡೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಹಬೆ ಬಡಿಯುವುದು ಹೊರಗಿನ ತೆಳು ಚರ್ಮಕ್ಕೆ, ಹಸಿ ಹೊಲಿಗೆಗೆ. ಒಬ್ಬ ಬಾಣಂತಿ ಬೈಕಿನಲ್ಲಿ ಒಂದೇ ಮಗ್ಗುಲಿಗೆ ಕೂತು ನನ್ನ ಹತ್ತಿರ ಬಂದಿದ್ದಳು. ಹಬೆ ತೆಗೆದುಕೊಂಡು ಮೂರು ದಿನ ಆಗಿತ್ತು. ಬೊಬ್ಬೆ ಒಡೆದು ಬಟ್ಟೆ ಗಾಯಕ್ಕೆ ಅಂಟಿತ್ತು. ಸಲೈನ್ ಹಾಕಿ ಹಾಕಿ, ನೆನೆಸಿ ಬಿಡಿಸಬೇಕಾಯಿತು. ಅಷ್ಟು ಹೊತ್ತೂ ಆ ಹುಡುಗಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಅವತ್ತಿನಿಂದ ಈ ವಿಷಯದಲ್ಲಿ ನಾನು ಮೆತ್ತಗೆ ಮಾತಾಡುವುದನ್ನು ಬಿಟ್ಟೆ.

ಕೆಂಡದ ಮಾತು ಇನ್ನೂ ದೊಡ್ಡದು. ಗಾಳಿ ತಾಗಬಾರದು ಅಂತ ಕಿಟಕಿ ಮುಚ್ಚಿ, ಬಾಗಿಲಿಗೆ ಪರದೆ ಕಟ್ಟುತ್ತೇವೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲೇ ತಾಯಿ, ಮಗು ಇಬ್ಬರ ಜೀವವನ್ನೂ ತೆಗೆಯಬಹುದು. ಲೋಬಾನ ಹಾಕಿದರೆ ಕೂಸಿನ ಎದೆಗೂ ಹೊಗೆ. ಅದೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಲ್ಲಿ!

ಅತ್ತೆಯವರದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರ ಕಾಲದಲ್ಲಿ ಹೆರಿಗೆ ಮನೆಯಲ್ಲೇ. ಬಾಣಂತಿಯನ್ನು ಬೆಚ್ಚಗಿಡುವುದೇ ಕೈಗೆ ಸಿಗುವ ಔಷಧಿ. ಆಯುರ್ವೇದದಲ್ಲೂ ಧೂಪನ, ಅಂದರೆ ಔಷಧಿ ಹೊಗೆ ಕೊಡುವುದು, ಅಂತ ಇದೆ. ಆ ಅಕ್ಕರೆ ಬೇರೆ ಕಡೆ ಹರಿಯಲಿ. ಅಂಟಿನ ಉಂಡೆ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ ಅವರೇ ಮಾಡಿ ಕೊಡಲಿ. ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ ಸೊಂಟಕ್ಕೆ ಇಡಲಿ. ಹೊಲಿಗೆ ನೋವಿಗೆ ತೊಳೆದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ 10-15 ನಿಮಿಷ ಕೂರಿಸಿ. ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ, ಚುರ್ ಅನ್ನಬಾರದು. ಆಮೇಲೆ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ.

38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ದಾಟಿದ ಜ್ವರ, ಕೆಟ್ಟ ವಾಸನೆ, ಹೊಲಿಗೆಯಲ್ಲಿ ಕೀವು, ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಪ್ರಶ್ನೆ (ಬಳ್ಳಾರಿ): ಮೇಡಂ, ನನಗೆ ಬಿಳಿ ಸೆರಗು ಜಾಸ್ತಿ. ಪರಿಚಯದವರ ಪಾರ್ಲರ್‌ನಲ್ಲಿ ತೂತಿನ ಕುರ್ಚಿ ಮೇಲೆ ಕೂರಿಸಿ ಗಿಡಮೂಲಿಕೆ ಹಬೆ ಕೊಡುತ್ತಾರೆ. ಒಳಗೆಲ್ಲ ಕ್ಲೀನ್ ಆಗುತ್ತದೆ, ವಿದೇಶದಲ್ಲೂ ಮಾಡುತ್ತಾರೆ ಅಂತಾರೆ.

ಉತ್ತರ: ಮಾಡುವುದು ನಿಜ. ಕೊರಿಯಾ, ಇಂಡೋನೇಷ್ಯಾ, ಮೊಜಾಂಬಿಕ್‌ನಲ್ಲಿ ಹಳೆಯ ರೂಢಿ. 2015ರ ಸುಮಾರಿಗೆ ಹಾಲಿವುಡ್ ನಟಿ ಗ್ವಿನೆತ್ ಪಾಲ್ಟ್ರೋ ಅವರ ಗೂಪ್ ವೆಬ್‌ಸೈಟ್ ಹೊಗಳಿದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಆದರೆ ಎಲ್ಲರೂ ಮಾಡುತ್ತಾರೆ ಅಂದ ಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ.

ಒಳಗೆ ಕ್ಲೀನ್ ಮಾಡುವ ಅಗತ್ಯವೇ ಇಲ್ಲಮ್ಮಾ. ಮೊಸರು ಹೆಪ್ಪಾಗುತ್ತದಲ್ಲ, ಅದೇ ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಒಳ್ಳೆಯ ಬ್ಯಾಕ್ಟೀರಿಯಾ ಅಲ್ಲಿ ಇರುತ್ತವೆ. ಜಾಗವನ್ನು ಹುಳಿಯಾಗಿ ಇಟ್ಟು, ಪಿಎಚ್ 3.8ರಿಂದ 4.5ರ ಒಳಗೆ ಕಾಯುತ್ತವೆ. ಹಬೆ, ಸೋಪು, ಡೆಟಾಲ್‌ನಿಂದ ಆ ಸಮತೋಲ ಕೆಡಬಹುದು.

ತಿಂಗಳ ನಡುವೆ ನೀರಾಗಿ, ಲೋಳೆಯಾಗಿ ಹೋಗುವುದು ಸಹಜ. ಗಟ್ಟಿ ಮೊಸರಿನಂತೆ ಹೋಗಿ ತುರಿಕೆ ಇದ್ದರೆ ಶಿಲೀಂಧ್ರ ಇರಬಹುದು. ತೆಳ್ಳಗೆ ಬೂದು ಬಣ್ಣ, ಮೀನಿನ ವಾಸನೆ ಇದ್ದರೆ ಅದು ಬೇರೆ ಸೋಂಕು, ಮಾತ್ರೆಯೂ ಬೇರೆ. ನೋಡದೆ ಹೇಳಲಾಗದು. ಪಾರ್ಲರ್ ದುಡ್ಡು ಉಳಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ.

ಪ್ರಶ್ನೆ (ಕುಷ್ಟಗಿ): ನಮ್ಮವ್ವಗೆ 60 ವರ್ಷ. ಗರ್ಭಚೀಲ ಜಾರಿದೆ. ಆಪರೇಷನ್ ಅಂದರೆ ಹೆದರುತ್ತಾರೆ. ಹಬೆಯಿಂದ ಮೇಲೆ ಹೋಗುತ್ತದಾ?

ಉತ್ತರ: ಹೋಗುವುದಿಲ್ಲ. ಇಂಥದ್ದೇ ಒಂದು ಪ್ರಕರಣವನ್ನು ಕೆನಡಾದ ವೈದ್ಯರು 2019ರಲ್ಲಿ ಪ್ರಕಟಿಸಿದರು. 62 ವರ್ಷದ ಮಹಿಳೆ, ಜಾರಿದ ಭಾಗ ಸರಿಯಾಗಲಿ, ಆಪರೇಷನ್ ತಪ್ಪಲಿ ಅಂತ ಎರಡು ದಿನ 20 ನಿಮಿಷದಂತೆ ಹಬೆಯ ಮೇಲೆ ಕೂತರು. ಎರಡನೇ ದರ್ಜೆಯ ಸುಟ್ಟ ಗಾಯವಾಯಿತು. ಆಪರೇಷನ್ ಮುಂದಕ್ಕೆ ಹೋಯಿತು, ತಪ್ಪಲಿಲ್ಲ. ಅವ್ವನಿಗೆ ಆಪರೇಷನ್ ಒಂದೇ ದಾರಿ ಅಲ್ಲ. ಒಳಗೆ ಇಡುವ ರಿಂಗ್ ಇದೆ, ಪೆಸರಿ ಅಂತಾರೆ. ಅವರನ್ನು ಕರೆದುಕೊಂಡು ಹೋಗಿ, ಅದರ ಬಗ್ಗೆ ಕೇಳಿ.

ಸಿಂಧನೂರಿನವರು ಮತ್ತೆ: ಮೇಡಂ, ಅತ್ತೆಗೆ ಪೂರ್ತಿ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ ಕೆಂಡದ ಬೋಗುಣಿ ಎತ್ತಿ ಹಿತ್ತಲಿಗೆ ಇಟ್ಟರು. ತಲೆಗೆ ಎರೆಯಬಹುದಾ ಅಂತ ಕೇಳುತ್ತಿದ್ದಾರೆ.

ಉತ್ತರ: ಧಾರಾಳವಾಗಿ ಎರೆಯಲಿ. ನೀರು ಹದವಾಗಿರಲಿ, ಕೂದಲು ಒಣಗಿಸಲು ಹೊಗೆ ಹಾಕುವುದು ಬೇಡ, ಬಿಸಿಲೇ ಸಾಕು. ನಾಡಿದ್ದು 14ನೇ ದಿನ, ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಹೊಲಿಗೆ ಇನ್ನೂ ಚುಚ್ಚುತ್ತಿದೆ ಅಂತ ಅವರಿಗೆ ಹೇಳಿ. ಬರದಿದ್ದರೆ ನೀವೇ ಫೋನ್ ಮಾಡಿ ಕರೆಸಿ.