ಬೆಲ್‌ಕ್ರ್ಯಾಂಕ್‌ಗೆ ‘ತಿರುಗಣಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಹತ್ತಿರ ಗೆಳೆಯರೊಬ್ಬರು ಅಡಿಕೆ ಶೆಡ್‌ನಲ್ಲಿ ಎರಡು ಸೀಟಿನ ಪುಟ್ಟ ವಿಮಾನ ಜೋಡಿಸುತ್ತಿದ್ದಾರೆ. ಸಂಜೆ ಹೊತ್ತು ನಾನೂ ಕೈ ಹಾಕುತ್ತೇನೆ. ಜೊತೆಗಿರುವ ಬಡಗಿಗೂ ವೆಲ್ಡಿಂಗ್ ಹುಡುಗನಿಗೂ ಇಂಗ್ಲಿಷ್ ಕೈಪಿಡಿ ಓದಲು ಬರುವುದಿಲ್ಲ. ಅವರಿಗಾಗಿ ರೆಕ್ಕೆಯ ಕೆಲಸವನ್ನು ಕನ್ನಡದಲ್ಲಿ ಬರೆಯಲು ಕೂತೆ. ಭಾಗಗಳ ಹೆಸರಿಗೆ ಕನ್ನಡ ಪದ ಸಿಗದೆ ಮೊದಲ ಪುಟದಲ್ಲೇ ಸಿಕ್ಕಿಕೊಂಡೆ.

ಏಲೆರಾನ್‌ಗೆ, ಅಂದರೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಹಲಗೆಗೆ, ಏನೋ ದಾರಿ ಸಿಕ್ಕಿತು. ಫ್ರೆಂಚಿನಲ್ಲಿ ಆ ಪದದ ಅರ್ಥ ಪುಟ್ಟ ರೆಕ್ಕೆ. ಆದರೆ ‘ಕಿರುರೆಕ್ಕೆ’ ಅಂದರೆ ಅದೇ ಅಂಚಿನಲ್ಲಿ ಪಕ್ಕಕ್ಕಿರುವ ಫ್ಲ್ಯಾಪ್ ಎಂಬ ಇನ್ನೊಂದು ಹಲಗೆ ಕೂಡ ಕಿರುರೆಕ್ಕೆಯೇ ಅಲ್ವಾ? ವಿಮಾನವನ್ನು ಎಡಕ್ಕೋ ಬಲಕ್ಕೋ ವಾಲಿಸುವುದು ಇದರ ಕೆಲಸ. ಹಾಗಾಗಿ ‘ವಾಲುಹಲಗೆ’ ಅಂತ ಬರೆದುಕೊಂಡೆ.

ಕಷ್ಟ ಆಗಿದ್ದು ಬೆಲ್‌ಕ್ರ್ಯಾಂಕ್. ರೆಕ್ಕೆಯ ಒಳಗೆ ಕೂರುವ, ಎಲ್ ಆಕಾರದ ತುಂಡು ಇದು. ಮೂಲೆಯಲ್ಲಿ ಬೋಲ್ಟು, ಎರಡು ತೋಳು. ಪೈಲಟ್ ಕೈಯಲ್ಲಿರುವ ಕೋಲು ಅಲುಗಿಸಿದಾಗ ರೆಕ್ಕೆಯ ಉದ್ದಕ್ಕೆ ಬರುವ ತಳ್ಳನ್ನು ಹಿಂದಿನ ಅಂಚಿಗೆ, ವಾಲುಹಲಗೆಯ ಕಡೆಗೆ ಹೊರಳಿಸುತ್ತದೆ. ಹಿಂದೆ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಆಳನ್ನು ಕರೆಯುವ ಗಂಟೆಗೆ ತಂತಿ ಎಳೆದಿರುತ್ತಿದ್ದರು. ತಂತಿ ಗೋಡೆಯ ಮೂಲೆ ತಿರುಗುವಲ್ಲಿ ಇಂಥ ತುಂಡು ಇರುತ್ತಿತ್ತು, ಹೆಸರು ಅಲ್ಲಿಂದ ಬಂತು. ಸುಮ್ನೆ ‘ಗಂಟೆ’ ಸೇರಿಸಿ ಅನುವಾದ ಮಾಡಿದರೆ ನಮ್ಮವರು ದೇವಸ್ಥಾನ ನೆನೆಸಿಕೊಳ್ಳುತ್ತಾರೆ.

‘ಏತ’ ಎಂದರು ಒಬ್ಬರು. ಅದು ನೇರ ಮರ. ‘ಮೊಣಕೈ’ ಅಂದರೆ ಪೈಪಿನ ಎಲ್ಬೋ ಆಗುತ್ತದೆ. ಕೊನೆಗೆ ಬಡಗಿಯೇ ‘ತಿರುಗಣಿ’ ಎಂದ. ಹಳೇ ಮನೆಯ ಬಾಗಿಲು ಕೆಳಗೆ ಮೇಲೆ ಮರದ ಗೂಟದ ಮೇಲೆ ತಿರುಗುತ್ತದಲ್ಲ, ಅದು. ನನಗೆ ಅನುಮಾನ ಇತ್ತು: ತಿರುಗಣಿ ಅಂದರೆ ಪೂರ್ತಿ ಸುತ್ತುವುದು ಅಲ್ವಾ, ‘ತಿರುಗಣಿ ಮಡು’ ಅಂದ ಹಾಗೆ? ಅವನ ಉತ್ತರ, “ಬಾಗಿಲು ಎಲ್ಲಿ ಸುತ್ತುತ್ತೆ? ಕಾಲು ಸುತ್ತು ಹೋಗಿ ನಿಲ್ಲುತ್ತೆ.” ನನ್ನ ಬಾಯಿ ಮುಚ್ಚಿತು.

ಇನ್ನೊಂದು ತೊಡಕು. ಒಂದು ರೆಕ್ಕೆಯ ವಾಲುಹಲಗೆ ಎದ್ದರೆ ಇನ್ನೊಂದರದ್ದು ಇಳಿಯುತ್ತದೆ. ಮೇಲೇಳುವ ಹಲಗೆ ಜಾಸ್ತಿ ಏಳುವಂತೆ, ಇಳಿಯುವುದು ಕಡಿಮೆ ಇಳಿಯುವಂತೆ ತಿರುಗಣಿಯ ತೋಳುಗಳನ್ನು ಹೊಂದಿಸುತ್ತಾರೆ. ಎರಡೂ ಸಮ ಇದ್ದರೆ ಇಳಿದ ಕಡೆ ಗಾಳಿಯ ತಡೆ ಜಾಸ್ತಿಯಾಗಿ ವಿಮಾನದ ಮೂಗನ್ನು ವಾಲಿದ್ದಕ್ಕೆ ಉಲ್ಟಾ ದಿಕ್ಕಿಗೆ ಎಳೆಯುತ್ತದೆ. ಹೀಗೆ ಜಾಸ್ತಿ ಏಳುವ, ಕಡಿಮೆ ಇಳಿಯುವ ಹೊಂದಿಕೆಗೆ ‘ಏರುಪೇರು’, ‘ಹೆಚ್ಚುಕಮ್ಮಿ’ ಎರಡೂ ಹೊಳೆದವು. ಆದರೆ “ರೆಕ್ಕೆಯಲ್ಲಿ ಹೆಚ್ಚುಕಮ್ಮಿ ಇರಬೇಕು” ಅಂತ ಬರೆದರೆ ಯಾರು ಹತ್ತುತ್ತಾರೆ!

ಎಡ, ಬಲದ ಗೊಂದಲ ಮಾತ್ರ ತಮಾಷೆಯಲ್ಲ. ರೆಕ್ಕೆ ಮೇಜಿನ ಮೇಲೆ ಮಗುಚಿ ಮಲಗಿರುವಾಗ ಯಾವುದು ಎಡ ಎಂದು ತಿಳಿಯುವುದಿಲ್ಲ. ಕೋಲು ಬಲಕ್ಕೆ ಹೋದರೆ ಬಲದ ಹಲಗೆ ಮೇಲೇಳಬೇಕು. ಅದಲುಬದಲಾದರೆ ಜೀವಕ್ಕೇ ಅಪಾಯ. ಉಳುವಾಗ ನೊಗದ ಎಡಬದಿ, ಬಲಬದಿಗೆ ಹೇಳುವ ‘ಎಡಗೋಲು’, ‘ಬಲಗೋಲು’ ಇಲ್ಲಿ ಚೆನ್ನಾಗಿ ಒಗ್ಗಿತು. ಎತ್ತು ಎತ್ತ ಮುಖ ಮಾಡಲಿ, ಎಡಗೋಲು ಎಡಗೋಲೇ. ಈಗ ರೆಕ್ಕೆಗಳ ಮೇಲೆ ಸೀಮೆಸುಣ್ಣದಲ್ಲಿ ಹಾಗೇ ಬರೆದಿದ್ದೇವೆ.

ಟರ್ನ್‌ಬಕಲ್ (ತಂತಿ ಬಿಗಿ ಮಾಡುವ ತಿರುಪು), ಪುಶ್‌ರಾಡ್ (ತಳ್ಳುವ ಸರಳು) ಹಾಗೇ ಇರಲಿ, ಅಂಗಡಿಯಲ್ಲಿ ಕೇಳುವಾಗ ಬೇಕು.

ತಿರುಗಣಿ ಎಂಬುದು ನಿಮ್ಮ ಕಡೆ ಬಾಗಿಲಿನ ಗೂಟವೋ, ಅದು ಕೂರುವ ಕುಳಿಯೋ? ಸಾಗರ, ಹೊಸನಗರದ ಕಡೆಯವರು ದಯವಿಟ್ಟು ತಿಳಿಸಿ.